ಹಿಮ್ಮಡಿಗೆ ಹೆಂಚಿನ ಚೂರು

ನನ್ನ ಕಾಲಿನ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ಹಾಸನದ ಪಾರ್ಲರ್‌ಗಳಲ್ಲಿ ಇದಕ್ಕೆ ಪೆಡಿಕ್ಯೂರ್ ಅನ್ನುತ್ತಾರೆ. ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಹಾಡು ಹಾಕಿ, ಯಾರೋ ನಮ್ಮ ಕಾಲು ಹಿಡಿದು ಮಾಡುತ್ತಾರಂತೆ. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಹೊಳೆನರಸೀಪುರದ ಆಚೆ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವ ಗಂಡಸು ನಾನು. ಆದರೂ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಹೋಬಳಿಯಲ್ಲಿ ಇಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ನನ್ನ ಕಾಲನ್ನು ಬೇರೆಯವರು ಹಿಡಿದು ತೊಳೆದದ್ದು ಜೀವನದಲ್ಲಿ ಒಂದೇ ಸಲ, ಒಬ್ಬರೇ ಒಬ್ಬರು.

ಕೆಲಸ ಶುರುವಾಗುವುದು ಹಂಡೆಯ ಬಿಸಿನೀರಿನಿಂದ. ಕೈ ಅದ್ದಿದರೆ ತಡೆಯುವಷ್ಟು ಬಿಸಿ ಸಾಕು. ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಅದನ್ನು ಹುಯ್ದು, ಒಂದು ಹಿಡಿ ಕಲ್ಲುಪ್ಪು, ಒಂದು ಪ್ಯಾಕೆಟ್ ಶಾಂಪೂ ಹಾಕಿ, ಹಿತ್ತಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುತ್ತೇನೆ. ಅರ್ಧ ಗಂಟೆ ಅಲ್ಲಾಡಬಾರದು. ಚರ್ಮ ನೆನೆದು ಬೆಳ್ಳಗಾದ ಮೇಲೆ ಹಿಮ್ಮಡಿಗೆ ಹೆಂಚಿನ ಚೂರು. ಅಂಗಡಿಯಲ್ಲಿ ಸಿಗುವ ಕಾಲು ಉಜ್ಜುವ ಕಲ್ಲು ನನ್ನ ಹಿಮ್ಮಡಿಗೆ ತಾನೇ ಸವೆದು ಹೋಗುತ್ತದೆ. ಹಳೆ ಮನೆಯ ಹೆಂಚು ಒಡೆದಾಗ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಚೂರೊಂದನ್ನು ಎತ್ತಿಟ್ಟುಕೊಂಡಿದ್ದೇನೆ, ಅಂಚು ಸವೆದು ಈಗ ಹದವಾಗಿದೆ. ಒಂದೇ ದಿಕ್ಕಿಗೆ ಉಜ್ಜಬೇಕು. ಸತ್ತ ಚರ್ಮ ಹೋಗಬೇಕು, ಜೀವ ಇರುವ ಚರ್ಮಕ್ಕೆ ಕೈ ಹಾಕಬಾರದು. ಉಗುರನ್ನು ನೇರವಾಗಿ ಕತ್ತರಿಸಬೇಕು. ಮೂಲೆಯನ್ನು ದುಂಡಗೆ ಮಾಡಲು ಹೋದರೆ ಅದು ಒಳಗೇ ಬೆಳೆದು ಮಾಂಸಕ್ಕೆ ಚುಚ್ಚುತ್ತದೆ. ಉಗುರಿನ ಸಂದಿಗೆ ಹಳೆ ಟೂತ್‌ಬ್ರಷ್. ಆಮೇಲೆ ಒರೆಸಿ, ಹರಳೆಣ್ಣೆ ಹಚ್ಚಿ, ಸಾಕ್ಸ್ ಹಾಕಿಕೊಂಡರೆ ಮುಗಿಯಿತು. ಇಷ್ಟೆಲ್ಲ ಮಾಡಿದರೂ ಬಲಗಾಲಿನ ಕಿರುಬೆರಳ ಉಗುರಿನ ಬುಡವನ್ನು ಬೇಕೆಂದೇ ಬಿಟ್ಟುಬಿಡುತ್ತೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಈ ವಿದ್ಯೆ ನನಗೆ ಬಂದದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ರೋಷದಿಂದ. ಆಗ ನನಗೆ ಹೆಣ್ಣು ನೋಡುತ್ತಿದ್ದರು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು, ಹಿರಿಯರು ಅಂತ ಮುಂದೆ ನಿಂತದ್ದು ಸೋದರಮಾವ. ನಮ್ಮ ಕಡೆ ಗದ್ದೆ ಮಾಡುವ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ಗೊತ್ತಿದ್ದವರಿಗೆ ಗೊತ್ತು. ಮಾವ ಆ ಕಷ್ಟವನ್ನೆಲ್ಲ ತನ್ನ ಬೈಕಿನ ಮೇಲೆ ಹೇರಿಕೊಂಡು ಮೂರು ತಾಲ್ಲೂಕು ತಿರುಗುತ್ತಿದ್ದ.

ಮೊದಲು ಚನ್ನರಾಯಪಟ್ಟಣದಲ್ಲಿ ಒಂದು ಮನೆ. ಹೊಸ ಮನೆ, ನೆಲಕ್ಕೆ ಮುಖ ಕಾಣುವಂಥ ಬಿಳಿ ಟೈಲ್ಸ್. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗಿ ಕೂತೆ. ಇಸ್ತ್ರಿ ಮಾಡಿದ ಷರ್ಟು, ಕ್ರಾಪು, ಸೆಂಟು ಎಲ್ಲ ಇತ್ತು. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು, ಶಾಸ್ತ್ರದ ಪ್ರಕಾರ ತಲೆ ತಗ್ಗಿಸಿಕೊಂಡು. ಲೋಟ ತೆಗೆದುಕೊಳ್ಳುವಾಗ ಅವಳ ಕಣ್ಣು ಎಲ್ಲಿದೆ ಎಂದು ನೋಡಿದೆ. ನನ್ನ ಕಾಲಿನ ಮೇಲಿತ್ತು. ಬಿಳಿ ಟೈಲ್ಸ್ ಮೇಲೆ ನನ್ನ ಎರಡು ಕಾಲು, ಒಡೆದ ಹಿಮ್ಮಡಿ, ಕೆಸರು ಕಚ್ಚಿ ಕಪ್ಪಾದ ಉಗುರು, ಗದ್ದೆ ಉಳುವ ಟಿಲ್ಲರ್ ಬಡಿದು ಅರ್ಧ ಹೋದ ಹೆಬ್ಬೆರಳ ಉಗುರು. ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ತಡವಾಗಿತ್ತು.

ಅವರಿಂದ ಉತ್ತರವೇ ಬರಲಿಲ್ಲ. ಎರಡನೆಯದು ಅರಕಲಗೂಡಿನಲ್ಲಿ. ಅಲ್ಲಿಂದ ಉತ್ತರ ಬಂತು, ಅದೇ ಕಷ್ಟವಾಯಿತು. ಮಾವ ಜಗುಲಿಯ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದ.

"ಉಡ್ಗಿ ಒಲ್ಲೆ ಅಂದ್ಳಂತೆ ಕಣ್ಲಾ."

"ಯಾಕಂತೆ?"

"ಮುಖ ಸರ್ಯಾಗಿ ನೋಡ್ಲಿಲ್ಲ, ಕಾಲು ನೋಡ್ದೆ, ಅಷ್ಟು ಸಾಕು ಅಂದ್ಳಂತೆ."

ನನಗೆ ಮೈಯೆಲ್ಲ ಉರಿಯಿತು. ಆ ಮನೆಯವರು ಅವತ್ತು ಉಂಡ ಅನ್ನ ಇಂಥ ಕಾಲಿನದೇ ಅಲ್ಲವಾ ಎಂದು ಕೂಗಾಡಿದೆ. ಮಾವ ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡ. ಕೋಪ ಇಳಿದ ಮೇಲೆ ಒಬ್ಬನೇ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿರಬೇಕು, ಗಂಡು ಚಪ್ಪಲಿ ಬಿಟ್ಟು ಬರಬೇಕು. ಹಾಗಾದರೆ ಅವಳಿಗೆ ಕಾಣುವುದು ಇನ್ನೇನು? ಮುಖಕ್ಕೆ ಪೌಡರ್ ಹಾಕಿಕೊಂಡು ಹೋದ ನಾನೇ ದಡ್ಡ.

ಹಾಸನದಲ್ಲಿ ಅಕ್ಕ ಇದ್ದಾಳೆ, ಸ್ಕೂಲ್ ಟೀಚರ್. ಫೋನ್ ಮಾಡಿ ಕೇಳಿದರೆ ಮೊದಲು ಐದು ನಿಮಿಷ ನಕ್ಕಳು. ಆಮೇಲೆ ಪಾರ್ಲರ್‌ಗೆ ಹೋಗು ಅಂದಳು. ಸಾಧ್ಯವೇ ಇಲ್ಲ ಅಂದೆ. ಸರಿ ಎಂದು ನೀರು, ಉಪ್ಪು, ಕಲ್ಲು, ಎಣ್ಣೆ ಎಲ್ಲವನ್ನೂ ಪಾಠ ಹೇಳುವ ಹಾಗೆ ಹೇಳಿಕೊಟ್ಟಳು. "ವಾರಕ್ಕೆ ಒಂದೇ ಸಲ ಕಣೋ, ಜಾಸ್ತಿ ಉಜ್ಜಬೇಡ" ಎಂದು ಎರಡು ಸಲ ಎಚ್ಚರಿಸಿದಳು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಷಾಢ ಕಳೆದು ಶ್ರಾವಣ ಬಂದರೆ ಸಾಲಗಾಮೆ ಹತ್ತಿರ ಒಂದು ಮನೆ ನೋಡುವುದಿತ್ತು. ನನ್ನ ಕೈಯಲ್ಲಿದ್ದದ್ದು ಮೂರು ವಾರ. ದಿನಕ್ಕೆರಡು ಸಲ ನೆನೆಸಿದೆ, ಉಜ್ಜಿದೆ. ಹೆಂಚಿನ ಚೂರು ಸಾಲದು ಅನ್ನಿಸಿ, ಬಾಗಿಲಿಗೆ ಬಣ್ಣ ಹೊಡೆದಾಗ ಉಳಿದಿದ್ದ ಉಪ್ಪುಕಾಗದ ತಂದು ಮರ ಉಜ್ಜಿದ ಹಾಗೆ ಹಿಮ್ಮಡಿ ಉಜ್ಜಿದೆ. ಬೂದಿಯಂಥ ಪುಡಿ ಉದುರುತ್ತಿತ್ತು. ಅದನ್ನು ನೋಡಿ ನನಗೆ ಖುಷಿಯೋ ಖುಷಿ.

ಅವ್ವ ದನಕ್ಕೆ ನೀರಿಡಲು ಬಂದವಳು ನಿಂತು ನೋಡಿದಳು.

"ಏನ್ಲಾ ಇದು, ಎತ್ಗೆ ಲಾಳ ಕಟ್ಟಕ್ಕೆ ಗೊರಸು ಕೆರೆಯೋ ಅಂಗೆ ಕೆರಕತಾ ಇದ್ದೀಯ?"

"ನಿಂಗೆ ಸೊಸೆ ಬ್ಯಾಡ್ವಾ?"

"ಸೊಸೆ ಬೇಕು. ಗದ್ದೆಗಿಳಿಯೋ ಮಗನೂ ಬೇಕಲ್ಲ."

ಅವ್ವನ ಮಾತಿನಲ್ಲಿ ಅರ್ಥವಿತ್ತು. ನಾಲೆಗೆ ನೀರು ಬಿಟ್ಟು ನಾಟಿ ಶುರುವಾಗಿತ್ತು. ಆ ಕಾಲದಲ್ಲಿ ನಮ್ಮ ಬಯಲಿನಲ್ಲಿ ಒಣಗಿದ ಕಾಲು ಇರುವ ಗಂಡಸನ್ನು ನೀವು ನೋಡಲಾರಿರಿ. ನಾನು ಮಾತ್ರ ಕೆಸರಿಗೆ ಇಳಿಯಲಿಲ್ಲ. ಟಿಲ್ಲರ್ ಹೊಡೆಯಲು ಬೇರೆಯವನನ್ನು ಕರೆಸಿ, ಸಾಕ್ಸು ಬೂಟು ಹಾಕಿಕೊಂಡು ಬದುವಿನ ಮೇಲೆ ನಿಂತು ಕೈ ತೋರಿಸಿ ಕೆಲಸ ಹೇಳಿದೆ. ನಾಟಿ ಹಾಕುವ ಹೆಂಗಸರು ಬಿಡುತ್ತಾರಾ? "ಮದ್ವೆ ಗಂಡು, ಕೆಳೀಕೆ ಇಳೀಬ್ಯಾಡ ಕಣಪ್ಪ, ಕಾಲು ಕರಗೋಯ್ತದೆ" ಎಂದು ಒಬ್ಬಳು ಅಂದರೆ ಉಳಿದವರೆಲ್ಲ ಸೊಂಟ ಎತ್ತಿ ನಿಂತು ನಕ್ಕರು. ನಾನೂ ನಕ್ಕೆ. ಒಳಗೊಳಗೇ ನಾಚಿಕೆಯಾಯಿತು, ಅದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಶ್ರಾವಣದ ಎರಡನೇ ವಾರ ಸಾಲಗಾಮೆಯ ಹತ್ತಿರದ ಆ ಹಳ್ಳಿಗೆ ಹೋದೆವು. ನಾನು, ಅವ್ವ, ಮಾವ. ರೈತರ ಮನೆ. ಹುಡುಗಿ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ, ದಿನಾ ಬೆಳಗ್ಗೆ ಸಂಜೆ ಜನ ತಂದ ಹಾಲನ್ನು ಪರೀಕ್ಷೆ ಮಾಡಿ ಬರೆದುಕೊಳ್ಳುವವಳು. ಅವತ್ತು ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳಲಿಲ್ಲ. ಮುಂದಕ್ಕೆ ಚಾಚಿ ಕೂತೆ. ಹಿಮ್ಮಡಿ ಎಳೆ ಮಗುವಿನದರಂತೆ ಕೆಂಪಗಿತ್ತು, ಉಗುರು ಹೊಳೆಯುತ್ತಿತ್ತು. ಹುಡುಗಿ ಕಾಫಿ ತಂದಳು, ಬಗ್ಗಿ ನನ್ನ ಕಾಲನ್ನು ನೋಡಿದಳು, ಸ್ವಲ್ಪ ಜಾಸ್ತಿ ಹೊತ್ತೇ ನೋಡಿದಳು. ಆಮೇಲೆ ತಲೆಯೆತ್ತಿ ನೇರವಾಗಿ ನನ್ನ ಮುಖ ನೋಡಿ, "ನಿಮ್ಮ ಕಡೆ ಕೊನೇ ಗದ್ದೆಗಳಿಗೂ ನೀರು ಬಂತಾ?" ಎಂದು ಕೇಳಿದಳು.

ಹೆಣ್ಣು ನೋಡಲು ಹೋದ ಕಡೆ ಯಾವ ಹುಡುಗಿಯೂ ನನ್ನನ್ನು ಏನೂ ಕೇಳಿರಲಿಲ್ಲ. "ಇನ್ನೂ ಇಲ್ಲ, ಇನ್ನೊಂದು ವಾರ ಆಗ್ತದೆ" ಅಂದೆ. ತಲೆಯಾಡಿಸಿ ಒಳಗೆ ಹೋದಳು. ಅಷ್ಟೇ ಮಾತು. ಅಷ್ಟರಲ್ಲಿ ನನಗೆ ಇವಳೇ ಬೇಕು ಅನ್ನಿಸಿಬಿಟ್ಟಿತ್ತು. ಹಿಂದಿನ ಎರಡು ಕಡೆ ಬೇಡ ಅಂದದ್ದು ಅವಮಾನವಷ್ಟೇ, ಇವಳು ಬೇಡ ಅಂದರೆ ಅದು ನಷ್ಟ ಎಂದು ಆಗಲೇ ಗೊತ್ತಾಯಿತು.

ಎದುರಿಗೆ ಕೂತಿದ್ದ ಅವಳ ಅಪ್ಪ ಅಲ್ಲಿಯವರೆಗೂ ಹೆಚ್ಚು ಮಾತಾಡಿರಲಿಲ್ಲ.

"ಗದ್ದೆ ಕೆಲ್ಸ ಯಾರ್ ಮಾಡ್ತೀರಾ?"

"ನಾನೇ ಮಾಡ್ತೀನಿ. ಟಿಲ್ಲರ್ ನಾನೇ ಹೊಡೀತೀನಿ, ಕೆಸರಿಗೆ ನಾನೇ ಇಳೀತೀನಿ" ಎಂದು ಎದೆಯುಬ್ಬಿಸಿ ಹೇಳಿದೆ.

ಅವರು ನನ್ನ ಕಾಲನ್ನು ನೋಡಿದರು. ಮಾವನ ಕಾಲನ್ನು ನೋಡಿದರು. ಮತ್ತೆ ನನ್ನ ಕಾಲನ್ನು ನೋಡಿ, "ಕಾಫಿ ಆರೋಯ್ತದೆ, ಕುಡೀರಿ" ಅಂದರು.

ಎರಡನೇ ದಿನ ಮಾವನ ಫೋನ್ ಬಂತು. "ಸುಳ್ಳುಗಾರ ಅಂದ್ಬುಟ್ರು ಕಣ್ಲಾ. ನಾಟಿ ಟೇಮ್‌ನಾಗೆ ಇಂತಾ ಕಾಲು ಇಟ್ಕಂಡವ್ನು ಗದ್ದೆನ ಬ್ಯಾರೇವ್ರಿಗೆ ಪಾಲಿಗೆ ಕೊಟ್ಟು ಊರು ಸುತ್ತೋನೇ ಇರ್ಬೇಕು, ನಮ್ಮುಡ್ಗಿ ಕೊಡಲ್ಲ ಅಂದ್ರು."

ಹೆಂಚಿನ ಚೂರನ್ನು ಎತ್ತಿ ತಿಪ್ಪೆಗೆ ಎಸೆದೆ. ಕಾಲು ಒಡೆದಿದ್ದರೂ ಬೇಡ, ಒಡೆಯದಿದ್ದರೂ ಬೇಡ. ಕಾಲನ್ನು ಮನೆಯಲ್ಲಿ ಬಿಟ್ಟು ಹೋಗಲಾ ಎಂದು ಅವ್ವನ ಮೇಲೆ ಕೂಗಿದೆ, ಪಾಪ ಅವಳದೇನೂ ತಪ್ಪಿರಲಿಲ್ಲ. ಸುಳ್ಳುಗಾರ ಅನ್ನುವ ಮಾತನ್ನು ಮಾತ್ರ ಮರೆಯಲಾಗಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಕೊನೇ ಗದ್ದೆಗೆ ನೀರು ಬಂತು. ಈ ಸಲ ಯಾರನ್ನೂ ಕರೆಯದೆ ನಾನೇ ಟಿಲ್ಲರ್ ಇಳಿಸಿದೆ. ಅಲ್ಲಿ ತಿಳಿಯಿತು ನಾನು ಮಾಡಿಕೊಂಡ ಎಡವಟ್ಟು. ಇಪ್ಪತ್ತು ವರ್ಷ ಕೆಸರಿನಲ್ಲಿ ಗಟ್ಟಿಯಾಗಿದ್ದ ಚರ್ಮವನ್ನು ಮೂರು ವಾರದಲ್ಲಿ ಕೆರೆದು ಹಾಕಿದ್ದೆ. ಹಿಂದಿನ ಕುಯ್ಲಿನಲ್ಲಿ ಉಳಿದ ಕೂಳೆ ಮುಳ್ಳಿನಂತೆ ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿ ಸುಲಿದು ರಕ್ತ ಬಂತು. ಮಾರನೇ ದಿನ ಬಟ್ಟೆ ಸುತ್ತಿಕೊಂಡು, ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಇಳಿದೆ. ಒಂದು ಸಾಲು ಹೊಡೆಯುವುದು, ನಿಲ್ಲುವುದು, ಹಲ್ಲು ಕಚ್ಚಿ ಇನ್ನೊಂದು ಸಾಲು.

ಹಾಗೆ ಕುಂಟುತ್ತಾ ಟಿಲ್ಲರ್ ತಿರುಗಿಸುವಾಗ ಬದುವಿನ ಮೇಲೆ ಯಾರೋ ನಿಂತಿರುವುದು ಕಂಡಿತು. ಪಂಚೆ ಎತ್ತಿ ಕಟ್ಟಿದ್ದರು, ಚಪ್ಪಲಿ ಕೈಯಲ್ಲಿತ್ತು. ಆ ಹುಡುಗಿಯ ಅಪ್ಪ. ಹೇಳದೆ ಕೇಳದೆ ಬಂದಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. ಕೆಸರಿನಲ್ಲಿ ಕುಂಟುವವನನ್ನು ನೋಡಿದರೆ ಯಾರಾದರೂ ಏನಂದುಕೊಳ್ಳುತ್ತಾರೆ? ಇವತ್ತೇ ಮೊದಲ ಸಲ ಇಳಿದಿದ್ದಾನೆ ಅಂತ ತಾನೆ?

ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಉಳಿದಿಲ್ಲ ಅನ್ನಿಸಿದಾಗ ನನಗೆ ವಿಚಿತ್ರ ಧೈರ್ಯ ಬರುತ್ತದೆ. ಟಿಲ್ಲರ್ ಆಫ್ ಮಾಡಿ ಬದುವಿಗೆ ಹೋದೆ. ಕವರ್ ಬಿಚ್ಚಿ, ಬಟ್ಟೆ ಬಿಚ್ಚಿ, ಸುಲಿದ ಹಿಮ್ಮಡಿಯನ್ನು ತೋರಿಸಿದೆ.

"ಯಜಮಾನ್ರೆ, ನಾನು ಸುಳ್ಳು ಹೇಳ್ಲಿಲ್ಲ. ಮೂರು ವಾರ ಕೆಸರಿಗೆ ಇಳೀಲಿಲ್ಲ, ಅದೊಂದು ನಿಜ. ನಿಮ್ಮನೆಗೆ ಬರಬೇಕು ಅಂತ ಕಾಲು ಉಜ್ಜುತಾ ಕೂತಿದ್ದೆ. ಎರಡು ಕಡೆ ಕಾಲು ನೋಡಿ ಬ್ಯಾಡ ಅಂದಿದ್ರು, ಅದಕ್ಕೆ."

ಅವರು ಬಗ್ಗಿ ಹಿಮ್ಮಡಿ ನೋಡಿದರು. "ಮನೇಗೆ ಓಗನ ನಡಿ" ಅಂದರು. ಮನೆಗೆ ಬಂದರೆ ಅವ್ವ ಅವರನ್ನು ನೋಡಿ ಗಾಬರಿಯಾದಳು. ಗಾಬರಿಯಾದರೆ ಅವಳಿಗೆ ಬಾಯಿ ನಿಲ್ಲುವುದಿಲ್ಲ. ನಾನು ತಡೆಯುವಷ್ಟರಲ್ಲಿ ಟಬ್ಬು, ಬ್ರಷ್ಷು, ಸವೆದ ಉಪ್ಪುಕಾಗದ, ತಿಪ್ಪೆಯಿಂದ ಎತ್ತಿ ತೊಳೆದಿಟ್ಟಿದ್ದ ಹೆಂಚಿನ ಚೂರು ಎಲ್ಲವನ್ನೂ ಜಗುಲಿಗೆ ತಂದು ಹರವಿದಳು.

"ನೋಡಿ ಅಣ್ಣಾರೆ, ಈ ಟಬ್ನಾಗೆ ಎಮ್ಮೆ ಬಿದ್ಕಂಡಂಗೆ ಕಾಲ್ ಬಿಟ್ಕಂಡು ಕುಂತಿದ್ದ. ನಾಟಿ ಎಂಗ್ಸುರೆಲ್ಲಾ ನಗಾಡುದ್ರು. ನಿಮ್ಮುಡ್ಗಿ ಒಪ್ಲಿ ಅಂತ ಇಷ್ಟೆಲ್ಲಾ ಮಾಡ್ದ, ನೀವು ನೋಡುದ್ರೆ ಸುಳ್ಳುಗಾರ ಅಂದ್ಬುಟ್ರಿ."

ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸಿತು. ಅವರು ಹೆಂಚಿನ ಚೂರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ತಮ್ಮ ಕಾಲನ್ನು ಜಗುಲಿಯ ಮೇಲೆ ಚಾಚಿ ಹಿಮ್ಮಡಿಗೆ ಎರಡು ಸಲ ಉಜ್ಜಿಕೊಂಡೂ ನೋಡಿದರು. ಅವರ ಹಿಮ್ಮಡಿಯ ಮುಂದೆ ನನ್ನ ಹಳೆಯದು ಏನೂ ಅಲ್ಲ, ಬೆರಳು ತೂರುವಂಥ ಬಿರುಕುಗಳು. ಆಗ ಅವರ ಭುಜ ಅಲ್ಲಾಡತೊಡಗಿತು. ನಗುತ್ತಿದ್ದರು.

"ನನ್ನ ಮಗ್ಳು ಕಳ್ಸಿದ್ದು ಕಣಪ್ಪ. ನಾನು ಬ್ಯಾಡ ಅಂತಲೇ ಇದ್ದೆ. ಆವಮ್ಮಂದು ದಿನಾ ಒಂದೇ ಮಾತು. ಬಲಗಾಲಿನ ಕಿರುಬೆರಳ ಉಗುರಿನ ಬುಡದಾಗೆ ಕೆಸರಿನ ಕರೆ ಐತೆ, ಅದು ಎರಡು ದಿನದ್ದಲ್ಲ, ವರ್ಸಗಟ್ಲೆದು, ನೀನು ಸರ್ಯಾಗಿ ನೋಡ್ಲಿಲ್ಲ, ಒಂದ್ಕಿತ ಓಗಿ ಗದ್ದೆ ತಾವ ನೋಡ್ಕಂಡು ಬಾ ಅಂತ."

ನಾನು ಬಗ್ಗಿ ನೋಡಿದೆ. ಬ್ರಷ್ ತಲುಪದೆ ಬಿಟ್ಟುಹೋಗಿದ್ದ ಒಂದು ಗೆರೆ ಅಲ್ಲಿತ್ತು. ಮೂರು ವಾರ ಬೆಳಗ್ಗೆ ಸಂಜೆ ನಾನು ಅಳಿಸಲು ಒದ್ದಾಡಿದ್ದನ್ನು ಅವಳು ಹುಡುಕಿ ಹಿಡಿದಿದ್ದಳು. ಕಣ್ಣು ಮಂಜಾಯಿತು. ಅವ್ವ ಎದುರಿಗಿದ್ದಳು, ಅದಕ್ಕೇ ಕಾಲನ್ನು ನೋಡುತ್ತಲೇ ಕೂತೆ.

ಹೊರಡುವಾಗ ಅವರು ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತರು.

"ಧಾರೆ ದಿವ್ಸ ಈ ಕಾಲ್ನ ತೊಳೀಬೇಕಾದೋನು ನಾನು. ಅವತ್ತು ಇಂಗೆ ಉಜ್ಕಂಡು ಬರ್ಬ್ಯಾಡ. ನಾನು ಯಾರ ಕಾಲು ತೊಳೀತಾ ಇದೀನಿ ಅಂತ ನಂಗೆ ಗೊತ್ತಾಗ್ಬೇಕು."

ಸುಗ್ಗಿ ಮುಗಿದ ಮೇಲೆ ಹಾಸನದ ಒಂದು ಛತ್ರದಲ್ಲಿ ಮದುವೆ. ಅಷ್ಟರಲ್ಲಿ ಕೆಸರು, ಕಣ, ಚಳಿ ಎಲ್ಲ ಸೇರಿ ನನ್ನ ಕಾಲು ಮೊದಲಿನ ಹಾಗೇ ಆಗಿತ್ತು. ಹಿಂದಿನ ದಿನ ಅಕ್ಕ ಟಬ್ಬು, ಕಲ್ಲು, ಕ್ರೀಮು ಎಲ್ಲ ಹಿಡಿದುಕೊಂಡು ಬಂದಳು. "ವಿಡಿಯೋದಲ್ಲಿ ಕಾಲೇ ದೊಡ್ಡದಾಗಿ ಕಾಣೋದು ಕಣೋ, ಮರ್ಯಾದೆ ತೆಗೀಬೇಡ" ಎಂದು ಗೋಗರೆದಳು. ಆಗಲ್ಲ ಅಂದೆ. ಕಾರಣ ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲ, ಮುನಿಸಿಕೊಂಡಳು. ಈಗ ವರ್ಷಕ್ಕೆ ಎರಡು ಸಲ, ನಾಟಿ ಮುಗಿದ ಮೇಲೊಮ್ಮೆ, ಸುಗ್ಗಿ ಮುಗಿದ ಮೇಲೊಮ್ಮೆ ನಾನೇ ಮಾಡಿಕೊಳ್ಳುವ ಪೆಡಿಕ್ಯೂರ್ ನೋಡಿ ಅವಳೇ ಹೊಗಳುತ್ತಾಳೆ. ಕಿರುಬೆರಳಿನದು ಬಿಟ್ಟುಹೋಗಿದೆ ಎಂದು ಪ್ರತಿ ಸಲವೂ ತಪ್ಪು ತೋರಿಸುತ್ತಾಳೆ. ನನ್ನ ಹೆಂಡತಿ ಒಳಗಿನಿಂದ, ಅದು ಅಲ್ಲೇ ಇರಲಿ ಬಿಡಿ ಅನ್ನುತ್ತಾಳೆ.

ಮದುವೆಯ ದಿನ, ಧಾರೆಗೆ ಮುಂಚೆ ಹಿತ್ತಾಳೆ ತಟ್ಟೆಯಲ್ಲಿ ಬಲಗಾಲು ಇಟ್ಟು ಕೂತೆ. ಬಾಸಿಂಗದ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಆ ತಟ್ಟೆ ಮತ್ತು ಅದರೊಳಗಿನ ನನ್ನ ಕಾಲು ಮಾತ್ರ. ಸುತ್ತ ಜನ, ಕ್ಯಾಮೆರಾದ ಬೆಳಕು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಲಿಲ್ಲ. ನೆಲದ ಮೇಲೆ ಕೂತ ಹುಡುಗಿಯ ಅಪ್ಪ ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದರು. ಅವರ ಅಂಗೈ, ನನ್ನ ಹಿಮ್ಮಡಿ, ಎರಡೂ ಒರಟು. ತಿಕ್ಕಿದಾಗ ಸಣ್ಣಗೆ ಸದ್ದಾಯಿತು. ಹೆಬ್ಬೆರಳಿನಿಂದ ಬಿರುಕನ್ನು ಒಂದು ಸಲ ಸವರಿದರು. ತಲೆಯೆತ್ತಲಿಲ್ಲ. ಪಕ್ಕದಲ್ಲಿ ಚೆಂಬು ಹಿಡಿದು ನಿಂತಿದ್ದ ತಮ್ಮ ಹೆಂಡತಿಗೆ ಮೆಲ್ಲಗೆ ಹೇಳಿದರು.

"ಇವ್ನೇ ಕಣೆ. ಉಯ್ಯಿ ನೀರ."